ಶಶಿ ಹೇಳಿದ್ದು

ಹೋಮ್‌ನಿಂದ ಫೋನ್ ಬಂದಾಗ ದ್ರೌಪದಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಳು ಹಿಸುಕುತ್ತಿದ್ದರು. ಸೊಸೆ ತೇಜಸ್ವಿನಿ ಎದುರಿಗೆ ಕೂತು ನೆನೆಸಿದ ಕಾಳಿನ ಪಾತ್ರೆಯನ್ನು ಅವರತ್ತ ಸರಿಸುತ್ತಿದ್ದಳು. ಫೋನ್ ತೆಗೆದುಕೊಂಡವನು ಮಗ ವಾಸು. ಎರಡು ಮಾತು ಕೇಳಿದವನೇ ಅಂಗಳಕ್ಕೆ ಹೋದ. ಅವನು ಒಳಗೆ ಬಂದಾಗ ಮುಖ ನೋಡಿಯೇ ದ್ರೌಪದಮ್ಮನ ಕೈ ನಿಂತಿತು.

"ಶಶಿಗೇನಾಯ್ತೋ? ಬಿದ್ಲಾ?"

"ಬಿದ್ದಿಲ್ಲ. ಬಿದ್ದಿದ್ರೆ ಎಷ್ಟೋ ವಾಸಿ ಇತ್ತು."

"ಬಿಡಿಸಿ ಹೇಳು."

"ಅಲ್ಲಿ ಸಂಗಮೇಶ ಅಂತ ಒಬ್ಬ ಇದಾನಂತೆ, ವೀಲ್‌ಚೇರ್‌ನವನು. ಇಬ್ರೂ ವ್ಯಾಯಾಮದ ರೂಮಲ್ಲಿದ್ರಂತೆ. ಒಳಗಿಂದ ಚಿಲಕ ಹಾಕ್ಕೊಂಡು. ಆಯಾ ಬಾಗಿಲು ಬಡಿದ್ರೆ, ಆಮೇಲೆ ಬಾ ಅಂದನಂತೆ ಅವನು. ಎಷ್ಟು ಧೈರ್ಯ ನೋಡು."

ಹೊರಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮುನಿಕೃಷ್ಣಪ್ಪ ಕೂಗಿದರು. "ಏನಂತೆ?"

"ಏನಿಲ್ಲ, ನೀವು ಓದಿ," ಎಂದರು ದ್ರೌಪದಮ್ಮ. ಆಮೇಲೆ ಮಗನ ಕಡೆ ತಿರುಗಿ, "ನಾಳೇನೇ ಹೋಗಿ ಕರ್ಕೊಂಡು ಬಂದುಬಿಡೋಣ," ಎಂದರು.

ಶಶಿರೇಖಾ ವಾಸುವಿನ ತಂಗಿ, ಮೂವತ್ತಾರು ವರ್ಷದವಳು. ಹುಟ್ಟುವಾಗ ಉಸಿರು ಸಿಕ್ಕಿಕೊಂಡು ಅವಳ ಕೈಕಾಲು ಅವಳ ಮಾತು ಕೇಳುವುದಿಲ್ಲ. ನೀರಿನ ಲೋಟಕ್ಕೆ ಕೈ ಹಾಕಿದರೆ ಕೈ ಬೇರೆಲ್ಲಿಗೋ ಹೋಗುತ್ತದೆ. ಹೌದು ಎನ್ನಬೇಕೆಂದರೂ ತಲೆ ಅಡ್ಡಕ್ಕೆ ಆಡುತ್ತದೆ. ಬುದ್ಧಿಗೆ ಏನೂ ಆಗಿರಲಿಲ್ಲ. ಆದರೆ ಊರಿನ ಶಾಲೆಯಲ್ಲಿ ಸೇರಿಸಿಕೊಳ್ಳದೆ ಅಕ್ಷರ ಬರಲಿಲ್ಲ. ಮಾತು ಬರುತ್ತಿತ್ತು, ದವಡೆಯೊಡನೆ ಗುದ್ದಾಡಿ ಒಂದೊಂದಾಗಿ. ಅದು ತಿಳಿಯುತ್ತಿದ್ದುದು ತಾಯಿಗೊಬ್ಬರಿಗೇ. ಯಾರೇ ಮನೆಗೆ ಬರಲಿ, ಶಶಿ ಏನಾದರೂ ಅಂದ ತಕ್ಷಣ ಎಲ್ಲರೂ ದ್ರೌಪದಮ್ಮನ ಮುಖ ನೋಡುತ್ತಿದ್ದರು. ಅವರು ಹೇಳುತ್ತಿದ್ದರು. ಹೆತ್ತ ತಂದೆಯೂ ಅಷ್ಟೆ, ಮಗಳ ಮಾತಿಗೆ ಹೆಂಡತಿಯನ್ನು "ಏನಂತೆ?" ಎಂದು ಕೇಳಿಯೇ ಇಷ್ಟು ವರ್ಷ ಕಳೆದಿದ್ದರು.

ಎರಡು ವರ್ಷದ ಹಿಂದೆ ದ್ರೌಪದಮ್ಮನ ಮಂಡಿ, ಭುಜ ಎರಡೂ ಕೈಕೊಟ್ಟವು. ಮಗಳನ್ನು ಎತ್ತಿ ಬಚ್ಚಲಿಗೆ ಒಯ್ಯುವುದು ಆಗದೇ ಹೋಯಿತು. ಆಗ ರಾಜಾನುಕುಂಟೆ ದಾಟಿದ ಮೇಲೆ ತೋಟದ ನಡುವೆ ಇರುವ, ಅಂಗವಿಕಲರ ಆ ಹೋಮ್‌ಗೆ ಸೇರಿಸಿದರು. ಮಹಡಿ ಮೇಲಿನ ಮನೆಯ ಬಾಡಿಗೆ ಅದಕ್ಕೆ ಹೋಗುತ್ತಿತ್ತು.

ಮಾರನೆಯ ದಿನ ವಾಸು ಹಾರ್ಡ್‌ವೇರ್ ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ಕಾರು ತೆಗೆದ. ತೇಜಸ್ವಿನಿ ಕಾಲೇಜಿನ ಆಫೀಸಿಗೆ ರಜೆ ಹಾಕಿ ಮುಂದೆ ಕೂತಳು. ಬರುವಾಗ ಹಿಂದಿನ ಸೀಟಿನಲ್ಲಿ ತಾಯಿ, ಮಗಳು. ಯಲಹಂಕ ಬರುವ ತನಕ ಶಶಿ ಬಿಡದೆ ಮಾತಾಡಿದಳು. ಒಂದೊಂದು ಮಾತಿಗೂ ಅವಳ ಕಾಲು ವಾಸುವಿನ ಸೀಟಿನ ಬೆನ್ನಿಗೆ ಒದೆಯುತ್ತಿತ್ತು.

"ಏನಮ್ಮ ಅವಳು?" ಎಂದ ವಾಸು.

"ಸಾಕಾಗಿತ್ತಂತೆ ಅಲ್ಲಿ. ಮನೆಗೆ ಕರ್ಕೊಂಡು ಹೋಗಿ ಅಂತಾಳೆ."

"ಮತ್ತೆ? ನಾನು ಅಂದ್ಕೊಂಡೆ. ಪಾಪ, ಅವಳಿಗೇನು ಗೊತ್ತಾಗುತ್ತೆ, ಅವನದೇ ಎಲ್ಲ."

ಹಿಂದೆ ಶಶಿ ಒಮ್ಮೆ ಕೂಗಿದಳು. ತೇಜಸ್ವಿನಿ ಕನ್ನಡಿಯಲ್ಲಿ ನೋಡಿದಳು. ದ್ರೌಪದಮ್ಮ ಮಗಳ ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸುತ್ತಿದ್ದರು. ಅಷ್ಟು ಉದ್ದದ ಮಾತು ಇಷ್ಟು ಚಿಕ್ಕದಾಗುವುದು ಹೇಗೆಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಮನೆಯ ಕೆಲಸ ಮತ್ತೆ ಹಳೆಯ ದಾರಿಗೆ ಬಂತು. ಬೆಳಿಗ್ಗೆ ವಾಸು ತಂಗಿಯನ್ನು ಎತ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬಚ್ಚಲಿಗೆ ಬಿಡುವುದು, ತೇಜಸ್ವಿನಿ ನೀರು ತೋಡಿಕೊಡುವುದು, ದ್ರೌಪದಮ್ಮ ಬೈಯುತ್ತ ಸ್ನಾನ ಮಾಡಿಸುವುದು. ಮಧ್ಯಾಹ್ನ ಮುದ್ದೆಯನ್ನು ಚಿಕ್ಕ ಚಿಕ್ಕದಾಗಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುವುದು.

ಒಂದು ರಾತ್ರಿ ಊಟಕ್ಕೆ ಕೂತಾಗ ವಾಸು ತಂಗಿಯನ್ನು ಪ್ರೀತಿಯಿಂದಲೇ ಕೇಳಿದ. "ಏನ್ ಶಶಿ, ಇಲ್ಲೇ ಇರ್ತೀಯ ತಾನೆ ಇನ್ಮೇಲೆ?"

ಶಶಿ ಬಾಯಲ್ಲಿದ್ದುದನ್ನು ನುಂಗಿ ಹೇಳತೊಡಗಿದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಹೇಳಿ ಮುಗಿಸುವಷ್ಟರಲ್ಲಿ ವಾಸುವಿನ ತಟ್ಟೆಯ ಸಾರು ಆರಿತ್ತು.

"ಏನಂತೆ?" ಎಂದರು ಮುನಿಕೃಷ್ಣಪ್ಪ.

"ಇಲ್ಲೇ ಆರಾಮಾಗಿದೆ ಅಂತಾಳೆ. ನೀವು ಊಟ ಮಾಡಿ."

ಶಶಿಯ ಕೈ ಬೀಸಿ ಬಂದು ಮಜ್ಜಿಗೆ ಲೋಟ ಉರುಳಿತು. "ಅಯ್ಯೋ, ನಿನ್ನ," ಎಂದು ದ್ರೌಪದಮ್ಮ ಬಟ್ಟೆ ತರಲು ಎದ್ದರು. ಕೈ ತಾನಾಗಿ ಹೋಯಿತೋ, ಬೇಕೆಂದೇ ಹೋಯಿತೋ, ಆ ಮನೆಯಲ್ಲಿ ಯಾರೂ ಎಂದೂ ಕೇಳಿದವರಲ್ಲ.

ಹೊಸ ವರ್ಷದ ಮೊದಲ ವಾರ ದ್ರೌಪದಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೊದಲೇ ಗೊತ್ತಾಗಿದ್ದ ದಿನ, ಮುಂದೂಡಲಾಗಲಿಲ್ಲ. ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದರು. ಕಪ್ಪು ಕನ್ನಡಕ ಹಾಕಿಕೊಂಡು ಕೋಣೆಯಲ್ಲಿ ಮಲಗಿದ ದ್ರೌಪದಮ್ಮ ಅಲ್ಲಿಂದಲೇ ಸಂಸಾರ ನಡೆಸಿದರು. ಸ್ನಾನ ತೇಜಸ್ವಿನಿಗೆ ಬಂತು. ಮಧ್ಯಾಹ್ನದ ಊಟ, ಬೇರೆ ಯಾರೂ ಇಲ್ಲದ್ದರಿಂದ, ಮುನಿಕೃಷ್ಣಪ್ಪನ ಪಾಲಿಗೆ ಬಂತು.

ಎಪ್ಪತ್ತರ ಗಂಡಸು ಮಗಳಿಗೆ ಊಟ ಮಾಡಿಸಿದ್ದು ಅದೇ ಮೊದಲು. ಮೊದಲ ದಿನ ಮುದ್ದೆಯ ತುಂಡು ದೊಡ್ಡದಾಗಿ ಶಶಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಎರಡನೆಯ ದಿನ ಚಿಕ್ಕದು ಮಾಡಿದರು. ನಾಲ್ಕು ತುತ್ತಾದ ಮೇಲೆ ಅವಳು ಏನೋ ಹೇಳಿದಳು.

ಮುನಿಕೃಷ್ಣಪ್ಪ ಕೋಣೆಯ ಕಡೆ ಕೂಗಿದರು. "ಏನಂತೆ ಕಣೆ?"

"ಸಾಕಂತೆ!" ಎಂದು ಒಳಗಿನಿಂದ ಬಂತು.

ಅವರು ತಟ್ಟೆ ತೆಗೆದರು. ಶಶಿ ಕಿರುಚಿದಳು. ತಟ್ಟೆ ಮತ್ತೆ ಇಟ್ಟರು. ಸುಮ್ಮನಾದಳು.

"ಸಾಕಿಲ್ವಾ?" ಎಂದರು. ಹೊರಗೆ ಸಂಪಿನ ಮೋಟಾರು ಹೊಡೆದುಕೊಳ್ಳುತ್ತಿತ್ತು. ತಮ್ಮ ಪಕ್ಕದಲ್ಲಿ ಕೂತ ಮಗಳ ಮಾತೇ ತಮಗೆ ಸರಿಯಾಗಿ ಕೇಳಿಸಿರಲಿಲ್ಲ. ಮುಚ್ಚಿದ ಬಾಗಿಲಿನ ಆಚೆ ಮಲಗಿದವಳಿಗೆ ಹೇಗೆ ಕೇಳಿಸಿತು? ಮುನಿಕೃಷ್ಣಪ್ಪ ಎದ್ದು ಹೋಗಿ ಮೋಟಾರು ಆರಿಸಿ ಬಂದರು. "ಈಗ ಯೋಳು ಮಗ. ಉಪ್ಪಾ? ನೀರಾ? ಕಾರ ಆಯ್ತಾ?"

ಯಾವುದೂ ಅಲ್ಲ. ಆ ದಿನ ಅವಳು ಹೇಳಿದ್ದೇನೆಂದು ಅವರಿಗೆ ತಿಳಿಯಲೇ ಇಲ್ಲ.

ಆ ಭಾನುವಾರ ಮಧ್ಯಾಹ್ನ ತೇಜಸ್ವಿನಿಯ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಮಸ್ಕಾರ್ರಿ ಅಕ್ಕಾರ. ನಾ ಸಂಗಮೇಶ. ಹೋಮಿನ ಮೇಡಮ್ಮರ ಕಡೆ ನಿಮ್ಮ ನಂಬರ್ ತಗೊಂಡೀನಿ. ಶಶಿ ಅದಾಳ್ರಿ?"

ತೇಜಸ್ವಿನಿ ಸುತ್ತ ನೋಡಿದಳು. ವಾಸು ಮಹಡಿ ಮೇಲೆ ಬಾಡಿಗೆಯವರ ನಲ್ಲಿ ನೋಡಲು ಹೋಗಿದ್ದ. ಅತ್ತೆ ಮಲಗಿದ್ದರು. ಇಲ್ಲವೆಂದು ಹೇಳಿ ಇಟ್ಟುಬಿಡಬಹುದಾಗಿತ್ತು. ಹಾಸಿಗೆಯ ಮೇಲಿದ್ದ ಶಶಿ ಆ ದನಿ ಕೇಳಿ ಆಗಲೇ ಅರ್ಧ ಮೈ ಎತ್ತಿದ್ದಳು. ತೇಜಸ್ವಿನಿ ಬಾಗಿಲು ಮುಂದಕ್ಕೆ ಸರಿಸಿ ಬಂದು ಸ್ಪೀಕರ್ ಒತ್ತಿದಳು.

ಶಶಿ ಒಂದು ಮಾತಂದಳು. ಆ ಕಡೆಯಿಂದ ಅದೇ ಮಾತು ಬಂತು. "ಮಿಕ್ಸಿ." ಇನ್ನೊಂದು. "ಸುಟ್ಟ." ಮತ್ತೊಂದು. "ಹೋತಾ."

ತೇಜಸ್ವಿನಿಗೆ ಸಿಟ್ಟು ಬಂತು. "ಏನ್ರೀ, ಅಣಕಿಸ್ತಾ ಇದೀರಾ ಅವಳನ್ನ?"

"ಅಯ್ಯ, ಅಣಕ ಯಾಕ್ರಿ! ಮಿಕ್ಸಿ ಸುಟ್ಟು ಹೋತಾ ಅಂತ ಕೇಳಾಕತ್ತಾಳ. ಅಡಿಗಿಮನಿ ಮಿಕ್ಸಿ ನಾ ರಿಪೇರಿ ಮಾಡ್ತಿದ್ದೆ, ಸುಡ್ತೀ ನೋಡ ಅಂದಿದ್ಲು ಮೊದಲ." ಅವನು ನಕ್ಕ. "ಅಕಿ ಮಾತು ಹಿಂಗ ಕೇಳ್ಬೇಕ್ರಿ ಅಕ್ಕಾರ. ಒಂದು ಮಾತು ಅಂತಾಳ, ನಾವು ಅದನ್ನ ತಿರುಗಿ ಅನ್ಬೇಕು. ಬರೋಬ್ಬರಿ ಇದ್ರ ಮುಂದಕ್ಕ ಹೋಗ್ತಾಳ. ತಪ್ಪಿದ್ರ ಅಲ್ಲೇ ನಿಲ್ತಾಳ. ಮುಂದಿಂದು ನಾವು ಊಹೆ ಮಾಡಬಾರದು, ಅಷ್ಟ."

ಆಮೇಲೆ ಅವರಿಬ್ಬರೂ ಅರ್ಧ ಗಂಟೆ ಜಗಳವಾಡಿದರು. ಮಿಕ್ಸಿಯ ಬಗ್ಗೆ, ಅವಳು ಫೋನ್ ಮಾಡಿಸಲಿಲ್ಲವೆಂಬುದರ ಬಗ್ಗೆ, ಅವನು ಗಡ್ಡ ಬಿಟ್ಟಿದ್ದಾನಂತೆ, ಅದರ ಬಗ್ಗೆ. ಶಶಿಯ ಜೊತೆ ಯಾರಾದರೂ ಜಗಳವಾಡುವುದನ್ನು ತೇಜಸ್ವಿನಿ ಮದುವೆಯಾಗಿ ಬಂದಂದಿನಿಂದ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೆನ್ನಿಗೆ ಸೋಪು ಹಚ್ಚುತ್ತ ಅವಳು ಕೇಳಿದಳು. "ಶಶಿ, ಅವತ್ತು ಕಾರಲ್ಲಿ ಏನ್ ಹೇಳಿದ್ದು ನೀನು? ಒಂದೊಂದೇ ಹೇಳು. ನಾನೂ ಹೇಳ್ತೀನಿ."

ನೀರು ಆರಿತು. ಕಾಲೇಜಿನ ಬಸ್ಸು ತಪ್ಪಿತು. ಆದರೆ ಮಾತು ಪೂರ್ತಿ ಬಂತು. "ನಾನು ಅಲ್ಲೇ ಇರ್ತೀನಿ. ಅವನ್ನ ಮದುವೆ ಆಗ್ತೀನಿ. ಚಿಲಕ ಹಾಕು ಅಂದಿದ್ದು ನಾನು."

ತೇಜಸ್ವಿನಿ ತಂಬಿಗೆ ಕೆಳಗಿಟ್ಟಳು. "ನೀನಾ?"

ಶಶಿ ನಕ್ಕಳು. ನಗುವಿಗೆ ಮಾತ್ರ ಅವಳ ಮುಖ ಯಾವತ್ತೂ ತಡಮಾಡುತ್ತಿರಲಿಲ್ಲ.

ಆ ಸಂಜೆ ತೇಜಸ್ವಿನಿ ಕೇಳುವ ರೀತಿಯನ್ನು ಮಾವನಿಗೆ ತೋರಿಸಿಕೊಟ್ಟಳು. ಮೂರನೆಯ ದಿನ ಮುನಿಕೃಷ್ಣಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತು, ಯಾರಿಗೂ ಕೇಳಿಸದ ಹಾಗೆ ಹೇಳಿದರು. "ಅವ್ಳಿಗೆ ರೊಟ್ಟಿ ಬೇಕಂತಮ್ಮ. ಮುದ್ದೆ ನುಂಗಿ ನುಂಗಿ ಸಾಕಾಗೈತಂತೆ. ಅಲ್ಲಿ ಜೋಳದ ರೊಟ್ಟಿ ಅಗಿದು ತಿಂತಿದ್ಲಂತೆ. ಅಗೀತಾಳಂತೆ ಕಣಮ್ಮ!"

"ಅತ್ತೆಗೆ ಗೊತ್ತಾದ್ರೆ ಗಂಟಲಿಗೆ ಸಿಗುತ್ತೆ ಅಂತಾರೆ ಮಾವ."

"ಅವ್ಳಿಗ್ಯಾಕೆ ಯೋಳ್ತೀಯಾ?"

ತೇಜಸ್ವಿನಿ ರಾತ್ರಿ ಗಂಡನಿಗೆ ಕಾರಿನ ಮಾತು ಹೇಳಿದಳು. ವಾಸು ಚಪಾತಿ ಮುರಿಯುವುದನ್ನು ನಿಲ್ಲಿಸಿ ಅವಳನ್ನು ದಿಟ್ಟಿಸಿದ.

"ನಮ್ಮಮ್ಮ ಅವಳು ಹುಟ್ಟಿದಾಗಿಂದ ಕೇಳಿರೋ ಮಾತು. ನೀನು ಒಂದು ವಾರದಲ್ಲಿ ಕಲಿತುಬಿಟ್ಯಾ?"

"ನೀವೂ ಒಂದ್ಸಲ ಕೇಳಿ ನೋಡ್ರೀ."

"ಅವನು ಫೋನ್ ಮಾಡ್ತಾನಾ? ನಿಜ ಹೇಳು."

ಅವಳು ಅವನ ತಟ್ಟೆಗೆ ಪಲ್ಯ ಬಡಿಸಿದಳು.

"ಮಾಡ್ತಾನೆ. ನೀನು ಹಿಡ್ಕೊಂಡು ಕೊಡ್ತೀಯ. ಅವಳ ಹೆಸರಲ್ಲಿ ಸೈಟಿದೆ ಅಂತ ಗೊತ್ತಾ ಅವನಿಗೆ? ಗೊತ್ತಿರುತ್ತೆ. ಎಲ್ಲಿಂದಲೋ ಬಂದವನು, ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಯಾವ ಜನಾನೋ ಏನೋ. ಅವಳನ್ನ ಅವನು ನೋಡ್ಕೋತಾನಾ? ಅವನನ್ನೇ ಇನ್ನೊಬ್ರು ನೋಡ್ಕೋಬೇಕು."

"ನೋಡ್ಕೊಳ್ಳೋಕೆ ಹೋಮ್‌ನವರಿದಾರೆ. ಅವಳು ಕೇಳ್ತಿರೋದು ನೋಡ್ಕೊಳ್ಳೋರನ್ನಲ್ಲ."

"ಮತ್ತೇನಂತೆ?"

ಉತ್ತರ ಅವಳಿಗೆ ಗೊತ್ತಿತ್ತು. ಗಂಡನ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸಂಕ್ರಾಂತಿಯ ಮುಂಚಿನ ಶನಿವಾರ ಒಬ್ಬ ಹೆಂಗಸು ಆಟೋದಲ್ಲಿ ಬಂದಿಳಿದರು. ಇಳಕಲ್ ಸೀರೆ, ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. "ನಾ ಸಂಗಮೇಶನ ಅಕ್ಕ ರತ್ನಕ್ಕ. ಮಾಕಳಿಯೊಳಗ ಇರ್ತೀನ್ರಿ. ಖಾನಾವಳಿಗೆ ರೊಟ್ಟಿ ಬಡದು ಕೊಡ್ತೀನಿ. ಮಾತಾಡಿ ಹೋಗೂಣಂತ ಬಂದೆ."

ದ್ರೌಪದಮ್ಮ ಕಪ್ಪು ಕನ್ನಡಕದಲ್ಲೇ ಬಂದು ಎದುರಿಗೆ ಕೂತರು. ತೇಜಸ್ವಿನಿ ಕಾಫಿ ತಂದಿಟ್ಟಳು.

"ನಮ್ಮ ತಮ್ಮ ಫ್ಯಾಕ್ಟರಿ ಶೀಟಿನ ಮ್ಯಾಲಿಂದ ಬಿದ್ದು ಹಿಂಗಾದ. ದುಡಿದು ತಿನ್ನೂ ಮನಶ್ಯಾ. ಈಗೂ ಹೋಮಿನ ಫ್ಯಾನು, ಮೋಟಾರು ಎಲ್ಲಾ ಅವನ ನೋಡ್ತಾನ. ನಿಮ್ಮ ಮಗಳನ್ನ ಕೇಳಾಕ ಬಂದೀನ್ರಿ."

"ಕೇಳೋಕೆ ಅವಳೇನು ಓಡಾಡೋ ಹುಡುಗೀನಾ ತಾಯಿ? ನಿಮ್ಮ ತಮ್ಮನಿಗೆ ಯಾರು ಅಡುಗೆ ಮಾಡಿ ಹಾಕ್ತಾರೆ? ಇವಳಾ?"

"ಅಡಗಿ ನಾ ಮಾಡ್ತೀನಲ್ರಿ, ಊರಿಗೆಲ್ಲ."

"ಮಗು ಆಗುತ್ತಾ? ಸಂಸಾರ ಅಂದ್ರೆ ತಮಾಷೆನಾ?"

"ನನಗ ಮೂರು ಮಕ್ಕಳು ಅದಾವ್ರಿ. ಗಂಡ ದುಬೈದಾಗ ಅದಾನ, ಫೋನ್ ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ನಂದು ಸಂಸಾರನಾ, ಇವರದು ಸಂಸಾರನಾ, ನೀವ ಹೇಳ್ರಿ."

ದ್ರೌಪದಮ್ಮನ ದನಿ ಏರಿತು. "ನಮ್ಮ ಕಡೆ ಹಿಂಗೆಲ್ಲ ಇಲ್ಲ. ಅವಳಿಗೂ ಇಷ್ಟ ಇಲ್ಲ. ಕೇಳ್ಬೇಕಾದ್ರೆ ಕೇಳಿ."

ಗೋಡೆಗೆ ದಿಂಬಿಟ್ಟು ಕೂರಿಸಿದ್ದ ಶಶಿ ಆಗಲೇ ಮಾತು ಶುರು ಮಾಡಿದ್ದಳು.

"ನೋಡಿ, ನೀವು ಹೋಗಿಬನ್ನಿ ಅಂತಿದಾಳೆ," ಎಂದರು ದ್ರೌಪದಮ್ಮ.

ರತ್ನಕ್ಕ ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತೇಜಸ್ವಿನಿಗೆ ಮೆಲ್ಲಗೆ ಕೇಳಿದರು. "ಅಕಿ 'ಡಬ್ಬಿ ಇಟ್ಟು ಹೋಗ್ರಿ' ಅಂದಂಗ ಇತ್ತಲ್ಲವಾ?"

ತೇಜಸ್ವಿನಿಗೆ ನಗು ತಡೆಯಲಾಗಲಿಲ್ಲ. "ಹೂಂ. ಹಾಗೇ ಅಂದ್ಲು."

ಆ ಸಂಜೆ ಅತ್ತೆಯ ಕಣ್ಣಿಗೆ ಔಷಧಿಯ ಹನಿ ಹಾಕುವಾಗ ತೇಜಸ್ವಿನಿ ಧೈರ್ಯ ಮಾಡಿದಳು. ಕಣ್ಣು ಮುಚ್ಚಿಕೊಂಡ ಮನುಷ್ಯರ ಜೊತೆ ಮಾತಾಡುವುದು ಸುಲಭವೆನ್ನಿಸಿತು.

"ಅತ್ತೆ, ಶಶಿ ಒಂದು ಹೇಳಿದ್ರೆ ನೀವು ಇನ್ನೊಂದು ಹೇಳ್ತೀರಾ?"

ಹನಿ ದ್ರೌಪದಮ್ಮನ ಕೆನ್ನೆಗೆ ಇಳಿಯಿತು.

"ಅವಳಿಗೆ ಎಂಟು ವರ್ಷ ಇದ್ದಾಗ," ಎಂದರು, "ನಮ್ಮ ನಾದಿನಿ ಬಂದಿದ್ಲು. ಇವಳು ಅವಳ ಮುಖ ನೋಡಿ, ಇವ್ರು ಯಾವಾಗ ಹೋಗ್ತಾರೆ ಅಂದ್ಲು. ನಾನು, ಅತ್ತೆಗೆ ಕಾಫಿ ಕೊಡು ಅಂತಾಳೆ ಅಂದೆ. ನಾದಿನಿ ಇವಳನ್ನ ಎತ್ತಿ ಮುದ್ದು ಮಾಡಿದ್ಲು. ಅದುವರೆಗೂ ಹತ್ರ ಸೇರಿಸ್ತಿರ್ಲಿಲ್ಲ. ಅವತ್ತಿಂದ ಹಂಗೇ. ಅವಳ ಮಾತಿಗೆ ಒಂದಿಷ್ಟು ನಯ ಹಾಕಿ ಕೊಟ್ಟಿದೀನಿ. ಇಲ್ಲಾಂದ್ರೆ ಯಾರು ಬರ್ತಿದ್ರು ಅವಳ ಹತ್ರ?"

"ಅದು ಕಾಫಿ ಮಾತು ಅತ್ತೆ. ಇದು ಅವಳ ಮದುವೆ ಮಾತು."

"ನೀನು ಅವಳನ್ನ ನಾಲ್ಕು ದಿನ ತೊಳೆದಿದೀಯ. ನಾನು ಬದುಕೆಲ್ಲ ತೊಳೆದಿದೀನಿ. ನಾಳೆ ಅವನಿಗೆ ಬೇಜಾರಾಗಿ ಬಿಟ್ರೆ, ಮತ್ತೆ ನನ್ನ ಹತ್ರಾನೇ ಬರ್ಬೇಕು. ಆಗ ನಾನಿರ್ತೀನಾ?" ದ್ರೌಪದಮ್ಮ ಕನ್ನಡಕ ಹುಡುಕಿ ಹಾಕಿಕೊಂಡರು. "ಹೋಗು, ಒಲೆ ಮೇಲೆ ಹಾಲಿದೆ."

ಹಬ್ಬ ಮುಗಿದ ವಾರ ಹೋಮ್‌ನ ಮುಖ್ಯಸ್ಥೆ ಫಖ್ರುನ್ನೀಸಾ ಮೇಡಂ ವಾಸುವಿಗೆ ಫೋನ್ ಮಾಡಿದರು. ಹಾಸಿಗೆ ಬಹಳ ದಿನ ಖಾಲಿ ಇಡಲಾಗುವುದಿಲ್ಲ. ಬರುತ್ತಾಳೋ ಇಲ್ಲವೋ ತಿಳಿಸಿ. ಮದುವೆಯಾಗುವುದಾದರೆ ಸ್ಟೋರಿನ ಪಕ್ಕದ ರೂಮು ಅವರಿಬ್ಬರಿಗೆ ಕೊಡಲು ಟ್ರಸ್ಟಿನವರು ಒಪ್ಪಿದ್ದಾರೆ. ಇಬ್ಬರೂ ದೊಡ್ಡವರು, ಕಾನೂನಿನಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಶಶಿ ತನ್ನ ಬಾಯಿಂದ, ಮನೆಯವರ ಎದುರಿಗೆ ಹೇಳಬೇಕು. ನಾಳೆ ಬಲವಂತ ಮಾಡಿದರು ಅನ್ನುವ ಮಾತು ಬರಬಾರದು.

"ಒಳ್ಳೇದಾಯ್ತು," ಎಂದ ವಾಸು. "ಎಲ್ಲರ ಮುಂದೆ ಅವಳೇ ಹೇಳಿಬಿಡ್ಲಿ. ಆಮೇಲೆ ಅವನ ಫೋನು, ಅವನ ಅಕ್ಕನ ರೊಟ್ಟಿ ಎಲ್ಲ ಬಂದ್. ಆದ್ರೆ ಅವನು ಬಾಯಿ ಬಿಡಬಾರದು. ಅಮ್ಮ ಹೇಳ್ತಾಳೆ."

"ತಾಯಿಗಿಂತ ಬೇಕಾ," ಎಂದು ಮೇಡಂ ಕೂಡ ಒಪ್ಪಿದರು. ಹೋಮ್‌ನಲ್ಲಿ ನೀರು, ನೋವು, ಬಚ್ಚಲು ಎಂಬಷ್ಟು ಅವರಿಗೂ ತಿಳಿಯುತ್ತಿತ್ತು. ಉದ್ದದ ಮಾತಿಗೆ ಅವರೂ ಸಂಗಮೇಶನನ್ನೇ ಕರೆಯುತ್ತಿದ್ದರು.

ಹೊರಡುವ ಬೆಳಿಗ್ಗೆ ಶಶಿ ತೇಜಸ್ವಿನಿಯಿಂದ ಕೆಂಪು ಚೂಡಿದಾರವನ್ನೇ ಹಾಕಿಸಿಕೊಂಡಳು. ತನ್ನ ಉಳಿದ ಬಟ್ಟೆಗಳನ್ನೆಲ್ಲ ಬ್ಯಾಗಿಗೆ ತುಂಬು ಎಂದಳು. ತೇಜಸ್ವಿನಿ ತುಂಬಿದಳು. ಬ್ಯಾಗನ್ನು ಡಿಕ್ಕಿಯಲ್ಲಿಟ್ಟವರು ಮುನಿಕೃಷ್ಣಪ್ಪ. ವಾಸು ನೋಡಿ, "ಇದ್ಯಾಕೆ?" ಎಂದದ್ದಕ್ಕೆ, "ಇರ್ಲಿ ಬಿಡೋ, ದಾರೀಲಿ ಬೇಕಾಯ್ತದೆ," ಎಂದರು.

ಹೋಮ್‌ನ ಊಟದ ಹಾಲಿನಲ್ಲಿ ಬೆಂಚುಗಳನ್ನು ಸರಿಸಿ ಜಾಗ ಮಾಡಿದ್ದರು. ಸಂಗಮೇಶ ಗಡ್ಡ ಬೋಳಿಸಿ ಇಸ್ತ್ರಿ ಶರ್ಟು ಹಾಕಿ ಗೋಡೆಯ ಪಕ್ಕ ಗಾಲಿಕುರ್ಚಿ ನಿಲ್ಲಿಸಿಕೊಂಡಿದ್ದ. ಪಕ್ಕದಲ್ಲಿ ರತ್ನಕ್ಕ. ಶಶಿಯನ್ನು ಅವಳ ಹಳೆಯ ಕುರ್ಚಿಯಲ್ಲಿ ಕೂರಿಸಿ ಬೆಲ್ಟು ಕಟ್ಟಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವಾಸು ಮುಖ ತಿರುಗಿಸಿದ.

ಮೇಡಂ ಶಶಿಯ ಎದುರಿಗೆ ಕೂತರು. "ಶಶಿ, ನಿಮಗೇನು ಬೇಕು? ಅವಸರ ಇಲ್ಲ. ಹೇಳಿ."

ಅಷ್ಟು ಜನ ತನ್ನ ಬಾಯಿಯನ್ನೇ ನೋಡುತ್ತಿರುವುದಕ್ಕೆ ಶಶಿಯ ಮೈ ಬಿಗಿಯಿತು. ಕತ್ತು ಹಿಂದಕ್ಕೆ ಹೋಯಿತು, ಎಡಗೈ ಕುರ್ಚಿಯ ಕಂಬಿಗೆ ಬಡಿಯಿತು. ಉಸಿರು ಎಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು. ಆಮೇಲೆ ಮಾತು ಬಂತು. ಒಂದಕ್ಕೊಂದು ಅಂಟಿಕೊಂಡು, ನಡುನಡುವೆ ನಿಂತು, ಉದ್ದಕ್ಕೆ. ಮೇಡಂಗೆ "ಅಮ್ಮ" ಎಂಬುದೊಂದು ತಿಳಿಯಿತು.

ಎಲ್ಲರೂ ದ್ರೌಪದಮ್ಮನ ಕಡೆ ತಿರುಗಿದರು.

"ಅಮ್ಮನ ಜೊತೆ ಇರ್ತೀನಿ ಅಂತಾಳೆ," ಎಂದರು ದ್ರೌಪದಮ್ಮ.

"ಅದಲ್ರಿ ಅಕಿ ಅಂದಿದ್ದು!" ಎಂದ ಸಂಗಮೇಶ.

"ನೋಡಿದ್ರಾ ಮೇಡಂ? ಇದಕ್ಕೇ ನಾನು ಹೇಳಿದ್ದು, ಅವನು ಸುಮ್ನಿರಲ್ಲ ಅಂತ," ವಾಸು ಎದ್ದು ನಿಂತ. "ಆಯ್ತಲ್ಲ, ಅವಳೇ ಹೇಳಿದ್ಲು. ಹೊರಡೋಣ."

ರತ್ನಕ್ಕ ತಮ್ಮನ ಭುಜ ಹಿಡಿದರು. ಸಂಗಮೇಶ ಎರಡು ಕೈಯಿಂದಲೂ ಗಾಲಿಗಳನ್ನು ಬಿಗಿಯಾಗಿ ಹಿಡಿದು ತಲೆ ತಗ್ಗಿಸಿದ. ತೇಜಸ್ವಿನಿ ಎದ್ದಳು. ಈಗ ಹೇಳದಿದ್ದರೆ ಇನ್ನು ಇಲ್ಲ. "ಅತ್ತೆ," ಎಂದಳು. ದನಿ ಅರ್ಧಕ್ಕೇ ನಿಂತಿತು.

"ಕೂತ್ಕೊಳ್ಳೋ ವಾಸು," ಎಂದರು ಮುನಿಕೃಷ್ಣಪ್ಪ.

ಅವರು ಎದ್ದು ಒಂದು ಸ್ಟೂಲು ಎಳೆದುಕೊಂಡು ಮಗಳ ಪಕ್ಕಕ್ಕೆ ಹೋಗಿ ಕೂತರು. ಕಂಬಿಗೆ ಬಡಿಯುತ್ತಿದ್ದ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಇವ್ರನ್ನೆಲ್ಲ ನೋಡ್ಬೇಡ. ನನ್ನ ನೋಡು. ಇಂಗೆ ಒಂದೊಂದೇ ಯೋಳು, ಮೆಲ್ಲುಕೆ."

ಶಶಿ ಹೇಳಿದಳು.

"ಅಮ್ಮ," ಎಂದರು ಮುನಿಕೃಷ್ಣಪ್ಪ. "ಸರಿನಾ? ಮುಂದೆ."

ಮುಂದಿನ ಮಾತು ಬಂತು. ಮುನಿಕೃಷ್ಣಪ್ಪ ಬಾಯಿ ತೆರೆದರು, ಹೆಂಡತಿಯ ಕಡೆ ನೋಡಿದರು, ಬಾಯಿ ಮುಚ್ಚಿದರು. ಅವರಿಗೆ ಕೇಳಿಸಿತ್ತು. ಆ ಮಾತನ್ನು ಹೆಂಡತಿಯ ಎದುರಿಗೆ ಅನ್ನಲು ಬರಲಿಲ್ಲ.

ಶಶಿ ಮತ್ತೆ ಹೇಳಿದಳು. 

"ಅದು ಬಿಡು ಮಗ. ಮುಂದಿನದು ಯೋಳು."

ಅವಳು ಮುಂದಕ್ಕೆ ಹೋಗಲಿಲ್ಲ. ಅದನ್ನೇ ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆ ಹೇಳಿದಳು. ಗಲ್ಲದಿಂದ ಜೊಲ್ಲು ಇಳಿದು ಕೆಂಪು ಬಟ್ಟೆ ನೆನೆಯಿತು. ಮುನಿಕೃಷ್ಣಪ್ಪ ನೆಲ ನೋಡಿದರು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಇಡುವ ಸದ್ದು ನಿಂತಿತು.

"ಸತ್ತ ಮೇಲೆ," ಎಂದರು ದ್ರೌಪದಮ್ಮ.

ಎಲ್ಲರೂ ಅವರನ್ನು ನೋಡಿದರು. ಅವರು ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಕಣ್ಣು ಇನ್ನೂ ಕೆಂಪಗಿತ್ತು.

"ಅಮ್ಮ ಸತ್ತ ಮೇಲೆ ಅಂತಿದಾಳೆ. ಹೇಳಿದ್ರೇನ್ರೀ? ನಾನೇನು ಚಿರಂಜೀವಿನಾ?" ಅವರು ಮಗಳ ಹತ್ತಿರಕ್ಕೆ ಬಂದು ನಿಂತರು. "ನೀವು ಎದ್ದೇಳಿ. ನಾನು ಕೂತ್ಕೋತೀನಿ. ಹೂಂ, ಹೇಳು. ಅಮ್ಮ ಸತ್ತ ಮೇಲೆ."

ಶಶಿ ತಾಯಿಯ ಮುಖ ನೋಡಿದಳು. ನಂಬಬಹುದೋ ಇಲ್ಲವೋ ಎಂದು ತೂಗುವ ಹಾಗಿತ್ತು. ಆಮೇಲೆ ಶುರು ಮಾಡಿದಳು.

"ನಾನು," ಎಂದರು ದ್ರೌಪದಮ್ಮ. "ಯಾರ. ಜೊತೆ. ಮಾತಾಡ್ಲಿ." ಒಂದೊಂದು ಮಾತಿಗೂ ನಿಂತರು. "ಈಗಿಂದಾನೇ. ಬೇಕು. ಅವನು. ಬೇಕು."

ವಾಸು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಅಮ್ಮ, ಮತ್ತೆ ಕಾರಲ್ಲಿ..."

"ಕಾರಲ್ಲೂ ಇದನ್ನೇ ಹೇಳಿದ್ಲು. ಸುಮ್ನಿರು, ಅವಳಿನ್ನೂ ಮುಗಿಸಿಲ್ಲ."

ವಾಸು ಕೂತುಕೊಂಡ. ಶಶಿ ಈಗ ತಾಯಿಯನ್ನು ಬಿಟ್ಟು ಮೇಡಂ ಕಡೆ ಮುಖ ತಿರುಗಿಸಲು ಹೆಣಗಿದಳು. ತಿರುಗಿತು. ಅವರನ್ನೇ ನೋಡುತ್ತ ಹೇಳಿದಳು. ಈ ಸಲ ಮಾತು ಚಿಕ್ಕದಿತ್ತು.

"ನಿಮ್ಗೆ ಕೈ ಮುಗೀತೀನಿ, ಒಂದು ರೂಮ್ ಕೊಡಿ ಅಂತಾಳೆ," ಎಂದರು ದ್ರೌಪದಮ್ಮ.

ಶಶಿಯ ಕೈ ಕಂಬಿಗೆ ಬಡಿಯಿತು.

ದ್ರೌಪದಮ್ಮ ಸೆರಗಿನಿಂದ ಮೊದಲು ಮಗಳ ಬಾಯಿ, ಆಮೇಲೆ ತಮ್ಮ ಮುಖ ಒರೆಸಿಕೊಂಡರು.

"ಕೈ ಮುಗೀತೀನಿ ಅಂದಿಲ್ಲ ಅವಳು," ಎಂದರು ಮೇಡಂಗೆ. "ಅದು ನಾನು ಸೇರಿಸಿದ್ದು. ರೂಮ್ ಕೊಡಿ ಅಂದ್ಲು. ಅಷ್ಟೇ."